ಕಿಡಿ ಬಿದ್ದ ಅಂಗಿಗಳ ಕೌದಿ

ಉಕ್ಕಿಗೆ ಬೆರೆಸುವ ಮ್ಯಾಂಗನೀಸ್ ಕರಗಿಸುತ್ತಿದ್ದ ದಾಂಡೇಲಿಯ ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಅಲ್ಲಿನ ಕೆಲಸಗಾರರು ಬೀಗುವುದನ್ನೂ ಬಿಟ್ಟರು. ಭಟ್ಟಿಗೆ ಎದೆಕೊಟ್ಟು ನಿಲ್ಲುತ್ತಿದ್ದ ಕರಿಬಸಪ್ಪ ಈಗ ಗಣೇಶಗುಡಿಯ ಹೋಮ್‌ಸ್ಟೇಯಲ್ಲಿ ಪ್ರವಾಸಿಗರಿಗೆ ಕ್ಯಾಂಪ್‌ಫೈರ್ ಹಚ್ಚುತ್ತಾನೆ. ಬೆಂಕಿಯ ನೌಕರಿ ಹೋಗಲಿಲ್ಲ. ಬೆಂಕಿ ಸಣ್ಣದಾಯಿತು, ಅಷ್ಟೇ.

ಅವನ ಹೆಂಡತಿ ನೀಲಕ್ಕ ಹಳೇ ಬಟ್ಟೆ ಜೋಡಿಸಿ ಕೌದಿ ಹೊಲಿಯುವವಳು. ಸಭಾಭವನದಲ್ಲಿ ‘ನಮ್ಮ ದಾಂಡೇಲಿ’ ಎಂಬ ಕಲಾಪ್ರದರ್ಶನವೆಂದು ಕೇಳಿದ್ದೇ, ಅದರಲ್ಲಿ ಕಾರ್ಖಾನೆ ಇರಲೇಬೇಕೆಂದು ಹಟ ಹಿಡಿದಳು. ಓಣಿಯೆಲ್ಲ ತಿರುಗಿ ಗಂಡಸರ ಹಳೇ ಖಾಕಿ ಅಂಗಿ ತಂದಳು. ಎಲ್ಲದರಲ್ಲೂ ಭಟ್ಟಿಯ ಕಿಡಿ ಸುಟ್ಟ ತೂತುಗಳು.

“ಊರ ಮುಂದ ನನ್ನ ಹರಕ ಅಂಗಿ ಹರವತಿ? ಮರ್ಯಾದಿ ಐತೋ ಇಲ್ಲೋ?” ಕರಿಬಸಪ್ಪ ಗುರುಗುಟ್ಟಿದ.

“ಅದನ್ನ ಹಾಕ್ಕೊಂಡು ಪ್ಯಾಟಿ ತುಂಬ ತಿರಗಾವಾಗ ಎಲ್ಲಿಟ್ಟಿದ್ರಿ ಆ ಮರ್ಯಾದಿ?”

ತೂತುಗಳನ್ನು ಅವಳು ಮುಚ್ಚಲಿಲ್ಲ. ಹಿಂದಿನಿಂದ ಕೆಂಪು, ಹಳದಿ ಸೀರೆಯ ಚೂರು ಕೊಟ್ಟು ಸುತ್ತ ದಾರ ಎಳೆದಳು. ಖಾಕಿಯ ತುಂಬ ಕಿಡಿ ಹಾರಿದವು.

ಪ್ರದರ್ಶನದ ಉಸ್ತುವಾರಿ ಕಿರಣಕುಮಾರ, ಕರಿಬಸಪ್ಪನಿಗೆ ಕೆಲಸ ಕೊಟ್ಟ ಹೋಮ್‌ಸ್ಟೇ ಮಾಲೀಕನೇ. “ನೀಲಕ್ಕಾ, ಮಂದಿ ಮಂಗಟ್ಟಿ ಹಕ್ಕಿ ನೋಡಾಕ ಬರ್ತಾರ. ತೂತು ಯಾರು ನೋಡ್ತಾರ್ರೀ?”

“ಒಂದು ದಿನ ತೂಗಹಾಕ್ರಿ ಸಾವ್ಕಾರ್ರ. ಯಾರೂ ನಿಲ್ಲಲಿಲ್ಲಂದ್ರ ಸಂಜೀಕ ನಾನ ಮಡಚಿ ಒಯ್ತೇನಿ.”

ಒಪ್ಪಿದ. ಜಾಗ ಸಿಕ್ಕಿದ್ದು ನೀರಿನ ನಲ್ಲಿಯ ಪಕ್ಕ. ಮಧ್ಯಾಹ್ನದವರೆಗೆ ಅಲ್ಲಿ ನಿಂತವರೆಲ್ಲ ನೀರು ಕುಡಿದು ಹೋದವರೇ. ಹೆಂಡತಿಯನ್ನು ಕರೆದುಕೊಂಡು ಹೋಗಲು ಕರಿಬಸಪ್ಪ ಬಂದ, ತಲೆ ತಗ್ಗಿಸಿಕೊಂಡು.

ಅಷ್ಟರಲ್ಲಿ ಹಳೇ ಜೊತೆಗಾರ ಮುದಕಪ್ಪ ನೀರು ಕುಡಿಯಲು ಬಂದವನು ಲೋಟ ಮರೆತು ಕೌದಿಯ ಒಂದು ತೂತಿನ ಮೇಲೆ ಬೆರಳಿಟ್ಟ. “ಏ, ಇದು ನಂದೋ! ಭಟ್ಟಿ ಬಾಯಿ ತಗದಾಗ ಹಾರಿದ ಕಿಡಿ!”

“ನಿಂದ್ಹೆಂಗಾತು?” ಕರಿಬಸಪ್ಪ ತಲೆ ಎತ್ತಿದ. “ಕಿಸೆ ನೋಡು, ನನ್ನ ಅಂಗಿ ಅದು! ನೀನು ಆವಾಗ ಕ್ಯಾಂಟೀನ್‌ನ್ಯಾಗ ಬಜಿ ತಿನ್ನಾಕ ಹತ್ತಿದ್ದಿ!”

ಜಗಳ ಫೋನಿನಲ್ಲಿ ಊರಿಗೆಲ್ಲ ಹಬ್ಬಿತು. ತಮ್ಮ ತಮ್ಮ ತೂತು ಹುಡುಕಲು ಗಂಡಸರು, ಗುರುತು ಹೇಳಲು ಹೆಂಗಸರು ಓಡಿಬಂದರು. ಅಂಗಿಯಲ್ಲಿ ತೂತೇ ಇಲ್ಲದ ಗುಮಾಸ್ತನೊಬ್ಬ ಪೆಚ್ಚಾಗಿ ಮೂಲೆಯಲ್ಲಿ ನಿಂತ. ಗದ್ದಲ ತಾಳಲಾರದೆ ಕಿರಣಕುಮಾರ ನಡುಗೋಡೆಯಲ್ಲಿದ್ದ ಮಂಗಟ್ಟೆ ಹಕ್ಕಿಯ ಚಿತ್ರವನ್ನು ಕೈಯಾರೆ ಇಳಿಸಿ, ಅಲ್ಲಿಗೆ ಕೌದಿ ಏರಿಸಿದ. ನೀಲಕ್ಕ ಅದರ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಳು.

ಸಂಜೆ ಕಿರಣಕುಮಾರ ಲೈಟು ಆರಿಸಲು ಹೋದಾಗ ಕರಿಬಸಪ್ಪ ಸ್ವಿಚ್ಚಿಗೆ ಅಡ್ಡ ನಿಂತ.

“ತಡೀರಿ ಸಾವ್ಕಾರ್ರ. ಎರಡನೇ ಪಾಳಿಯವ್ರು ಇನ್ನೂ ಬರೋದೈತಿ.”