ಹೊದಿಕೆಯ ಮೇಲಿನ ನೀಲಿ ಗೆರೆ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳಿಗೆ ದಾರದಕ್ಕ ಎಂದೇ ಹೆಸರು. ಇಪ್ಪತ್ತಾರು ವರ್ಷಗಳಿಂದ ಹಾಸುಬಟ್ಟೆ, ದಿಂಬಿನ ಚೀಲ, ಡಾಕ್ಟರ ಬಿಳಿ ಕೋಟು ಎಲ್ಲದರ ಮೂಲೆಯಲ್ಲೂ ಕೆಂಪು ದಾರದಿಂದ ಅಕ್ಷರ ಹೊಲಿಯುತ್ತಿದ್ದಳು. ಮೇಸ್ತ್ರಿ ರಟ್ಟಿನ ಮೇಲೆ ಬರೆದುಕೊಟ್ಟರೆ ಸಾಕು, ಕೊಂಬು, ಒತ್ತು, ಸೊನ್ನೆ ಒಂದೂ ತಪ್ಪದೆ ಹಾಗೆಹಾಗೇ ಬಟ್ಟೆಗಿಳಿಯುತ್ತಿತ್ತು. "ಏನಕ್ಕಾ ಇದು, ಅಚ್ಚು ಹಾಕಿದ ಹಾಗಿದೆ!" ಎಂದು ಹೊಸ ಹುಡುಗಿಯರು ಹೊಗಳಿದರೆ, ಹಲ್ಲಿನಿಂದ ದಾರ ಕಡಿಯುವ ನೆಪದಲ್ಲಿ ಮುಖ ತಗ್ಗಿಸುತ್ತಿದ್ದಳು.

ಅವಳಿಗೆ ಓದಲು ಬರುತ್ತಿರಲಿಲ್ಲ. ಸಣ್ಣವಳಿದ್ದಾಗ, ತಮ್ಮನನ್ನು ಎತ್ತಿಕೊಳ್ಳಲು ಜನ ಬೇಕೆಂದು ಮೂರೇ ತಿಂಗಳಿಗೆ ಶಾಲೆ ಬಿಡಿಸಿದ್ದರು. ಈ ಗುಟ್ಟು ಗೊತ್ತಿದ್ದವನು ಗಂಡನೊಬ್ಬನೇ, ಅವನು ತೀರಿಹೋಗಿ ಹತ್ತು ವರ್ಷವಾಗಿತ್ತು. ಮಗನ ಎದುರು ಮಾತ್ರ ಸದಾ ಒಂದೇ ಮಾತು: "ಕನ್ನಡಕ ಎಲ್ಲಿಟ್ಟೆನೋ ಏನೋ, ನೀನೇ ಓದಪ್ಪ." ಅವನೋ ತರಗತಿಯಲ್ಲೆಲ್ಲ, "ನಮ್ಮಮ್ಮಂದು ಅಕ್ಷರದ ಕೆಲಸ" ಎಂದು ಎದೆಯುಬ್ಬಿಸಿ ಹೇಳಿಕೊಂಡು ಬಂದವನು. ಆ ಮಾತು ಕಿವಿಗೆ ಬಿದ್ದ ದಿನದಿಂದ ನಿಜ ಹೇಳುವ ಬಾಗಿಲು ಮುಚ್ಚಿಹೋಗಿತ್ತು.

ಈಗ ಆ ಮಗನಿಗೆ ಮಗಳು ಹುಟ್ಟಿದ್ದಳು. ಹೂವಿನ ಹೆಸರೇ ಇಡಬೇಕೆಂದು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದರು. ನೈದಿಲೆ ಎಂದೂ ಆಯಿತು. ತಕರಾರು ಶುರುವಾದದ್ದು ಅದನ್ನು ಬರೆಯುವುದು ಹೇಗೆ ಎನ್ನುವುದರಲ್ಲಿ.

"ನೆಯ್ದಿಲೆ ಅಂತ ಬರೆದರೇನೇ ಚೆಂದ. ಹಳೇ ಪುಸ್ತಕದಲ್ಲೆಲ್ಲ ಹಾಗೇ ಇರೋದು" ಎಂದ ಮಗ.

"ಅದಕ್ಕೊಂದು ಒತ್ತು ಬೇರೆ! ಪಾಪ, ಕೂಸು ಬರೆಯೋದು ಕಲಿಯೋಷ್ಟರಲ್ಲಿ ಮದುವೆ ವಯಸ್ಸಾಗಿರುತ್ತೆ" ಎಂದಳು ಸೊಸೆ. "ನೈದಿಲೆ ಅಂತ ಸಲೀಸಾಗಿ ಬರೀರಿ."

ದಾರದಕ್ಕನಿಗೆ ಎರಡೂ ಒಂದೇ ಥರ ಕೇಳಿಸುತ್ತಿತ್ತು. ಇಲ್ಲದ ವ್ಯತ್ಯಾಸಕ್ಕೆ ಯಾಕಪ್ಪ ಗುದ್ದಾಡುತ್ತಾರೆ ಅನ್ನಿಸಿತು.

"ಅಮ್ಮನೇ ಹೇಳಲಿ ಬಿಡು" ಎಂದುಬಿಟ್ಟ ಮಗ. "ಅಕ್ಷರದ ಜೊತೆ ಸಂಸಾರ ಮಾಡಿದವಳು ಅವಳು."

ಸೊಸೆ ಒಂದೇ ಚೀಟಿಯಲ್ಲಿ ಎರಡನ್ನೂ, ಒಂದರ ಕೆಳಗೊಂದು ಬರೆದು ಮುಂದೆ ಹಿಡಿದಳು. ದಾರದಕ್ಕ ಚೀಟಿಯನ್ನು ದೂರ ಹಿಡಿದಳು, ಹತ್ತಿರ ತಂದಳು. "ಎರಡೂ ಚೆನ್ನಾಗಿವೆ ಕಣ್ರೋ. ನಿಮ್ಮ ಕೂಸು, ನೀವೇ ನೋಡ್ಕೊಳ್ಳಿ" ಎಂದು ಹಿಂದಕ್ಕೆ ಕೊಟ್ಟು, ಒಲೆ ಮೇಲೆ ಏನೂ ಇಲ್ಲದಿದ್ದರೂ ಅಡುಗೆಮನೆಗೆ ಹೋದಳು.

ಎರಡು ದಿನ ಕಳೆದ ಮೇಲೆ, ಕೆಲಸಕ್ಕೆ ಹೊರಟವಳ ಕೈಗೆ ಸೊಸೆ ಊಟದ ಡಬ್ಬಿ ಕೊಡುತ್ತ, "ಅತ್ತೆ, ಅಂತೂ ಇತ್ಯರ್ಥ ಆಯ್ತು. ಚೀಟಿ ಚೀಲದಲ್ಲಿಟ್ಟಿದ್ದೀನಿ. ಪಾಪೂ ಹೊದಿಕೆ ಮೇಲೆ ಹೊಲಿದುಕೊಡಿ" ಎಂದಳು.

ಮಧ್ಯಾಹ್ನ ಬಿಡುವಿನಲ್ಲಿ ದಾರದಕ್ಕ ಚೀಟಿ ಬಿಡಿಸಿದಳು. ಅದೇ ಎರಡು ಸಾಲು. ಇಬ್ಬರ ಮಾತನ್ನೂ ಉಳಿಸಿಕೊಂಡಿದ್ದಾರೆ, ಸದ್ಯ, ಎಂದು ಮನಸ್ಸು ಹಗುರಾಯಿತು. ಮಗುವನ್ನು ಕರೆಯುವಾಗ ಎರಡು ಸಲ ಕೂಗುವುದಿಲ್ಲವೇ? ಮೇಲಿನ ಸಾಲಿನ ನಡುವೆ ಮಾತ್ರ ಈ ತುದಿಯಿಂದ ಆ ತುದಿಗೆ ಹೊಸದೊಂದು ಗೆರೆ ಇತ್ತು. ಮೇಸ್ತ್ರಿಯ ರಟ್ಟಿನಲ್ಲಿ ಅಂಥದ್ದು ಕಂಡವಳಲ್ಲ. ಅವನು ತಪ್ಪು ಬರೆದರೆ ರಟ್ಟನ್ನೇ ಹರಿದು ಎಸೆಯುತ್ತಿದ್ದ. ಬಹಳ ಹೊತ್ತು ನೋಡಿದಳು. ಆಮೇಲೆ ಹೊಳೆಯಿತು. ನೈದಿಲೆ ನೀರಿನ ಹೂವಲ್ಲವೇ! ಇದು ನೀರು. ಸೊಸೆ ಎಷ್ಟು ಜಾಣೆ ಅಂದುಕೊಂಡಳು. ಅಕ್ಷರಕ್ಕೆ ಕೆಂಪು ದಾರ ಹಾಕಿ, ಆ ಗೆರೆಗೆಂದೇ ಅಂಗಡಿಗೆ ಹೋಗಿ ನೀಲಿ ದಾರ ತಂದಳು. ಮೂರು ಮಧ್ಯಾಹ್ನ ಕೂತು, ನೀರು ಅಲುಗಿದ ಹಾಗೆ ಕಾಣಲೆಂದು ಒತ್ತೊತ್ತಾಗಿ ಎರಡೆಳೆ ಹೊಲಿದಳು.

ಭಾನುವಾರ ಸೊಸೆಯ ಅಕ್ಕ ಮಗು ನೋಡಲು ಬಂದಿದ್ದಳು. ಶಾಲೆಯಲ್ಲಿ ಟೀಚರು. ಹೊದಿಕೆ ಬಿಡಿಸಿದವಳೇ ಬಿದ್ದುಬಿದ್ದು ನಕ್ಕಳು. "ಅಯ್ಯೋ, ಹೊಡೆದುಹಾಕಿದ್ದನ್ನೂ ಹೊಲಿದಿದ್ದಾರಲ್ಲೇ! ಹೊಡೆದ ಗೀಟನ್ನೂ ಬಿಟ್ಟಿಲ್ಲ!"

ಸೊಸೆಯೂ ನಗಲು ಬಾಯಿ ತೆರೆದವಳು ಅತ್ತೆಯ ಮುಖ ನೋಡಿ ಹಾಗೇ ನಿಂತಳು. ಮಗ ಹೊದಿಕೆಯನ್ನು ನೋಡಿದ, ಅಮ್ಮನನ್ನು ನೋಡಿದ.

"ಕನ್ನಡಕ..." ಎಂದಳು ದಾರದಕ್ಕ. ಕನ್ನಡಕ ಅವಳ ಮೂಗಿನ ಮೇಲೇ ಇತ್ತು.

ಅವಳ ಕಿವಿಯ ತುದಿಯವರೆಗೂ ಬಿಸಿಯೇರಿತು. ಮೊಮ್ಮಗಳ ಹೆಸರಿನ ಮೇಲೆ ತನ್ನ ಕೈಯಾರೆ ಗೀಟು ಎಳೆದಿದ್ದಳು, ಅದೂ ಅಂಗಡಿಯಿಂದ ದಾರ ಆರಿಸಿ ತಂದು.

"ಇರಲಿ ಬಿಡಮ್ಮ, ಚೆನ್ನಾಗೇ ಇದೆ" ಎಂದ ಮಗ. ಚಿಕ್ಕವನಿದ್ದಾಗ ಅವನು ಹಾಲು ಚೆಲ್ಲಿದರೆ ಅವಳು ಆಡುತ್ತಿದ್ದ ದನಿ ಅದು. ಅವಳಿಗೆ ಆ ನಗುವಿಗಿಂತ ಇದು ಹೆಚ್ಚು ಚುಚ್ಚಿತು.

"ನನಗೆ ಓದೋಕೆ ಬರಲ್ಲ ಕಣೋ" ಎಂದಳು ನೆಲ ನೋಡುತ್ತ. "ಯಾವತ್ತೂ ಬರ್ತಿರಲಿಲ್ಲ. ನೀನು ಅಷ್ಟು ಹೆಮ್ಮೆಯಿಂದ ಹೇಳ್ಕೊಳ್ತಿದ್ದೆ..." ಹೊದಿಕೆ ಎಳೆದುಕೊಂಡು ಸಣ್ಣ ಕತ್ತರಿ ತೆಗೆದಳು. "ಇದರಲ್ಲಿ ಕೂಸಿನ ಹೆಸರು ಯಾವುದಮ್ಮ?"

ಸೊಸೆ ಪಕ್ಕದಲ್ಲಿ ಕೂತು ಕೆಳಗಿನ ಸಾಲಿನ ಮೇಲೆ ಬೆರಳಿಟ್ಟಳು. "ಇದು ಅತ್ತೆ." ಅವಳ ಅಕ್ಕ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು.

ಮೇಲಿನ ಕೆಂಪು ಬೇಗ ಬಿಚ್ಚಿತು. ನೀಲಿ ಬಿಚ್ಚಲು ಸಂಜೆಯಾಯಿತು, ಅಷ್ಟು ಬಿಗಿಯಾಗಿ ಹೊಲಿದಿದ್ದಳು. ದಾರವೆಲ್ಲ ಹೋದರೂ ಬಿಳಿ ಬಟ್ಟೆಯ ಮೇಲೆ ಸೂಜಿಯ ತೂತುಗಳು ಸಾಲಾಗಿ ಉಳಿದವು. ಉಗುರಿನಿಂದ ತೀಡಿ ನೋಡಿದಳು, ಹೋಗಲಿಲ್ಲ. ಮಗುವಿಗೆ ಹೊದಿಸುವಾಗ ಆ ಭಾಗವನ್ನು ಒಳಗೆ ಮಡಚಿದಳು.