ಪರೀಕ್ಷೆ ಮುಗಿದ ದಿನ ಹಾಲ್ಬೆರಾ ಹಿಡಿದ ಪಟ್ಟು

ಗ್ರಾನಾವೀಕಿನ ಮೀನಿನ ಕಾರ್ಖಾನೆಯಲ್ಲಿ ಹಾಲ್ಬೆರಾ ಇಪ್ಪತ್ತೆರಡು ವರ್ಷ ಮೀನು ಸೀಳಿದವಳು. ಅವಳ ಚಾಕು ಮುಳ್ಳಿನ ಮೇಲೆ ಚೂರು ಮಾಂಸವನ್ನೂ ಉಳಿಸುತ್ತಿರಲಿಲ್ಲ. ಅವಳ ಮಾತೂ ಹಾಗೆಯೇ. ಆಡುವುದು ಕಡಿಮೆ, ಆಡಿದರೆ ಮುಳ್ಳಿನವರೆಗೂ ಹೋಗುತ್ತಿತ್ತು.

ಐಸ್‌ಲ್ಯಾಂಡಿನ ಆ ಊರಲ್ಲಿ ಹತ್ತನೇ ತರಗತಿಯ ಕೊನೇ ಪರೀಕ್ಷೆ ಮುಗಿದ ದಿನ ಮಕ್ಕಳು ಕುಡಿಯುವುದು ವಾಡಿಕೆಯಾಗಿಬಿಟ್ಟಿತ್ತು. ಇಪ್ಪತ್ತು ತುಂಬದವರಿಗೆ ಅಂಗಡಿಯಲ್ಲಿ ಕೊಡುವುದಿಲ್ಲ. ಹಾಗಾಗಿ ಹೆತ್ತವರೇ ಬಿಯರ್ ತಂದುಕೊಡುತ್ತಿದ್ದರು. ನಾವು ಕೊಡದಿದ್ದರೆ ಮಕ್ಕಳು ಕಳ್ಳಭಟ್ಟಿಗೆ ಕೈ ಹಾಕುತ್ತಾರೆ ಎಂಬ ಭಯ ಅವರಿಗೆ. ಪ್ರೀತಿಯಿಂದಲೇ ಮಾಡುತ್ತಿದ್ದ ತಪ್ಪು ಅದು. ಹಿಂದಿನ ವರ್ಷ ಬಿಯರಿನ ಮೇಲೆ ಕಳ್ಳಭಟ್ಟಿಯನ್ನೂ ಕುಡಿದ ಹುಡುಗಿಯೊಬ್ಬಳು ಹೊಳೆದಂಡೆಯಲ್ಲಿ ಬಿದ್ದಿದ್ದಳು. ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೊರಟ ಹಾಲ್ಬೆರಾಳೇ ಅವಳನ್ನು ಕಂಡು, ತನ್ನ ಕೋಟು ಸುತ್ತಿ, ಹೊತ್ತು ತಂದಳು. ತುಟಿ ನೀಲಿಗಟ್ಟಿತ್ತು. ಪುಣ್ಯ, ಹುಡುಗಿ ಬದುಕಿದಳು.

ಈ ವರ್ಷ ಹಾಲ್ಬೆರಾಳ ಮಗಳು ಸ್ವಾಲಾಳೇ ಹತ್ತನೇ ತರಗತಿ.

ಯಾವ ಮನೆಯವರೂ ಮಕ್ಕಳಿಗೆ ಕುಡಿಯಲು ತಂದುಕೊಡಬಾರದು, ಪರೀಕ್ಷೆ ಮುಗಿದೊಡನೆ ಎಲ್ಲರನ್ನೂ ಒಟ್ಟಿಗೆ ಎಲ್ಲಿಗಾದರೂ ಕರೆದೊಯ್ಯಬೇಕು ಎಂದು ಶಾಲೆಯ ಟೀಚರ್ ಒಂದು ಹಾಳೆ ಬರೆದುಕೊಟ್ಟಳು. ಮಕ್ಕಳು ಹತ್ತೊಂಬತ್ತು, ಮನೆಗಳು ಹದಿನೇಳು. ದಿನವೂ ಕೆಲಸ ಬಿಟ್ಟ ಮೇಲೆ, ಮೈಯಲ್ಲಿ ಮೀನಿನ ವಾಸನೆ ಇರುವಾಗಲೇ, ಹಾಲ್ಬೆರಾ ಆ ಹಾಳೆ ಹಿಡಿದು ಬಾಗಿಲು ತಟ್ಟಿದಳು. ಕೆಲವರು ನಕ್ಕರು, ಒಬ್ಬಳು ಅತ್ತಳು. ಹದಿನಾರು ಮನೆಯವರು ಸಹಿ ಹಾಕಿದರು. ಉಳಿದದ್ದು ಬೋಟಿನ ಕ್ಯಾಪ್ಟನ್ ಆಸ್ಮುಂದುರನ ಮನೆ.

ಅವಳು ಬಾಗಿಲಲ್ಲಿ ಶೂ ಬಿಚ್ಚಿಟ್ಟು ಒಳಗೆ ಹೋದಳು. ಅವನ ಹೆಂಡತಿ ರಾಗ್ನಾ ಕಾಫಿ ಬಗ್ಗಿಸಿಕೊಟ್ಟಳು.

"ಸಹಿ ಗಿಹಿ ನನ್ನ ಕೈಲಾಗಲ್ಲ ಕಣೆ," ಎಂದ ಆಸ್ಮುಂದುರ್. "ಬಿಯರ್ ಆಗಲೇ ತಂದಿಟ್ಟಾಯ್ತು. ನನ್ನ ಶೆಡ್ಡಲ್ಲಿ, ನನ್ನ ಕಣ್ಣೆದುರಿಗೇ ಕುಡೀಲಿ."

"ಹತ್ತೊಂಬತ್ತು ಜನಾನೂ?"

"ನನ್ನ ಮಗನಿಗೆ ತಂದಿದ್ದು. ಮಿಕ್ಕೋರು ಬಂದ್ರೆ ಹೋಗ್ರೋ ಅನ್ನಕ್ಕಾಗುತ್ತಾ? ನಾನೂ ಹದಿನಾಲ್ಕಕ್ಕೇ ಕುಡಿದೋನು. ಏನು, ಸತ್ತಿದೀನಾ?"

"ಸತ್ತಿಲ್ಲ," ಎಂದಳು ರಾಗ್ನಾ ಒಲೆಯ ಕಡೆಯಿಂದ, "ಅದೊಂದೇ ಹೇಳ್ಕೊಳ್ಳೋಕೆ ಇರೋದು."

ಒಂದು ಬಾಗಿಲು ತೆರೆದಿದ್ದರೆ ಹದಿನಾರು ಬಾಗಿಲು ಮುಚ್ಚಿಯೂ ಫಲವಿಲ್ಲ. ಅದು ಹಾಲ್ಬೆರಾಳಿಗೆ ಗೊತ್ತಿತ್ತು. ಆದರೂ ದನಿ ಏರಿಸಲಿಲ್ಲ.

"ಬೇಸಿಗೇಲಿ ಹದಿನಾರರ ಹುಡುಗರು ನಿನ್ನ ಬೋಟಲ್ಲಿ ಕೆಲಸಕ್ಕೆ ಬರ್ತಾರಲ್ಲ, ಅವರಿಗೆ ಎಷ್ಟು ಬಿಯರ್ ಕೊಡ್ತೀಯ?"

"ಬಿಯರಾ? ಒಂದು ಹನಿ ಮುಟ್ಟಿದ್ರೂ ಮುಂದಿನ ಬಂದರಲ್ಲೇ ಇಳಿಸ್ತೀನಿ! ಬಲೆ ಎಳೆಯೋ ರಾಟೆಗೆ ಕೈ ಕೊಟ್ಕೊಂಡ್ರೆ ಯಾರು ಹೊಣೆ?"

"ನಿನ್ನ ಕಣ್ಣೆದುರಿಗೇ ಕುಡಿದ್ರೂ?"

"ನನ್ನ ಕಣ್ಣು ಕಟ್ಕೊಂಡು ರಾಟೆಗೇನಾಗಬೇಕು?"

"ಹೊಳೆಗೂ ಏನೂ ಆಗಬೇಕಾಗಿರಲಿಲ್ಲ ಕಣೋ. ಹೋದ ವರ್ಷ ಆ ಹುಡುಗೀಗೆ ಅವರಪ್ಪನೇ ಎದುರಿಗೆ ಕೂತು ಬಗ್ಗಿಸಿಕೊಟ್ಟಿದ್ದು. ಅವಳು ಎದ್ದು ಎತ್ತ ಹೋದ್ಲು, ಆಮೇಲೆ ಇನ್ನೇನು ಕುಡಿದ್ಲು, ಅವನ ಕಣ್ಣಿಗೆ ಕಾಣಲಿಲ್ಲ."

ಆಸ್ಮುಂದುರ್ ಹಾಳೆಯನ್ನು ಅವಳ ಕಡೆಗೇ ತಳ್ಳಿದ.

"ಸಹಿ ಬೇಡ ಬಿಡು," ಎಂದಳು ಹಾಲ್ಬೆರಾ. "ಬೋಟು ಕೊಡು. ಆವತ್ತು ಎಲ್ಲರನ್ನೂ ಮೀನು ಹಿಡಿಯಕ್ಕೆ ಕರ್ಕೊಂಡು ಹೋಗು."

"ನನ್ನ ಬೋಟೇನು ಶಾಲೆ ಬಸ್ಸಾ?"

ಅಷ್ಟೇ. ಆಮೇಲೆ ಹತ್ತು ದಿನ ಅವನಿಂದ ಹ್ಞೂಂ ಇಲ್ಲ, ಉಹೂಂ ಇಲ್ಲ.

ಪರೀಕ್ಷೆ ಮುಗಿಯುವ ಹೊತ್ತಿಗೆ ಹದಿನಾರು ಮನೆಯವರೂ ಶಾಲೆಯ ಮುಂದೆ ನಿಂತಿದ್ದರು. ಸ್ವಾಲಾ ಹೊರಗೆ ಬಂದವಳೇ ಮುಖ ಕೆಂಪಗೆ ಮಾಡಿಕೊಂಡಳು.

"ಅಮ್ಮಾ, ನನ್ನ ಮಾನ ಕಳೀಬೇಡ. ಎಲ್ಲರೂ ಆಸ್ಮುಂದುರ್ ಶೆಡ್ಡಿಗೆ ಹೋಗ್ತಿದಾರೆ."

ಹಾಲ್ಬೆರಾ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕೆಳಗಿನ ಬಂದರಿನಿಂದ ಬೋಟು ಮೂರು ಸಲ ಕೂಗಿತು. ಕ್ಯಾಪ್ಟನ್ನನ ಮಗ ತಲೆ ಮೇಲೆ ಕೈ ಹೊತ್ತುಕೊಂಡ. "ಅಯ್ಯೋ, ನಮ್ಮಪ್ಪ!"

"ಬೇಗ ಬರ್ರೋ! ಶೆಡ್ಡಿಗೆ ಬೀಗ ಹಾಕಿದೀನಿ!" ಎಂದು ಆಸ್ಮುಂದುರ್ ಅಲ್ಲಿಂದಲೇ ಅರಚಿದ. "ತೇಲೋ ಜಾಕೆಟ್ ಹಾಕ್ದೇ ಇರೋರನ್ನ ಮೀನಿಗೆ ಹಾಕ್ತೀನಿ!"

ಬಂದರು ದಾಟಿದ ಮೇಲೆ ಅಲೆ ದೊಡ್ಡದಾಯಿತು. ಹನ್ನೊಂದು ಮಕ್ಕಳು ವಾಂತಿ ಮಾಡಿಕೊಂಡರು. ಸ್ವಾಲಾ ಕಂಬಿ ಹಿಡಿದು, "ಇದಕ್ಕಿಂತ ಕುಡಿದಿದ್ರೇ ವಾಸಿಯಿತ್ತು," ಎಂದು ನರಳಿದಳು.

"ಅದರಲ್ಲೂ ಇದೇ ಕಣೆ ಆಗೋದು," ಎಂದ ಆಸ್ಮುಂದುರ್. "ಮೀನು ಸಿಗಲ್ಲ, ಅಷ್ಟೆ."

ಎರಡು ಬುಟ್ಟಿ ಕಾಡ್ ಮೀನು ಸಿಕ್ಕಿತು. ಹಾಲ್ಬೆರಾ ಬಂದರಿನ ಕಟ್ಟೆಯ ಮೇಲೆ ಕೂತು ಅದನ್ನು ಸೀಳಿದಳು, ಅಪ್ಪಂದಿರು ಬೆಂಕಿ ಮಾಡಿದರು, ಆಲೂಗಡ್ಡೆ ಬೆಂದಿತು. ಹೊಟ್ಟೆ ಖಾಲಿಯಾಗಿದ್ದ ಮಕ್ಕಳು ಬಕಾಸುರರ ಹಾಗೆ ತಿಂದರು. ಅವರವರ ಹೆತ್ತವರ ಜೊತೆ ಮನೆಗೆ ಹೊರಟಾಗ ಹಾಲ್ಬೆರಾ ತಲೆ ಎಣಿಸಿದಳು. ಹತ್ತೊಂಬತ್ತೂ ಸರಿಯಾಗಿತ್ತು. ಭಾಷಣ ಮಾಡದೆ, ಯಾರನ್ನೂ ಹಳಿಯದೆ ಒಂದು ಊರಿನ ವಾಡಿಕೆಯನ್ನು ತಿರುಗಿಸಿದವಳು ಇವಳು.

ಆಸ್ಮುಂದುರ್ ಹಗ್ಗ ಬಿಗಿಯುತ್ತ ಕೇಳಿದ, "ಮುಂದಿನ ವರ್ಷ ಎಷ್ಟು ಮನೆ?"

"ಹದಿನಾಲ್ಕು."

"ಏಳು ನನಗೆ ಬಿಡು."

ಸುಲಭಕ್ಕೆ ಬಾಗಿಲು ತೆರೆಯದ ಏಳು ಮನೆಗಳನ್ನೇ ಹಾಲ್ಬೆರಾ ಆರಿಸಿ ಅವನಿಗೆ ಹೇಳಿದಳು.