ಬೆಳಕಿನ ಜಿಪುಣಿ

ನನ್ನ ಅಕ್ಕನಂಥ ಜಿಪುಣಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ದುಡ್ಡಿನಲ್ಲಲ್ಲ, ಬೆಳಕಿನಲ್ಲಿ. ಭಾವ ಪೇಪರು ಓದುತ್ತಿದ್ದರೂ ಸರಿ, ದೀಪ ಆರಿಸಿ ಹೋಗುತ್ತಾಳೆ.

ಅದು ಕೆಲಸದಿಂದ ಅಂಟಿದ ಚಟ. ಮದುವೆಗೂ ಮುಂಚಿನಿಂದ ಅವಳು ಆಸ್ಪತ್ರೆಯ ಪ್ರಯೋಗಾಲಯದಲ್ಲಿ, ಕಿಟಕಿಗೆ ಕಪ್ಪು ಬಟ್ಟೆ ಎಳೆದ ಕೋಣೆಯಲ್ಲಿ, ಮೈಕ್ರೋಸ್ಕೋಪಿನ ಮುಂದೆ ಕೂತಿದ್ದಾಳೆ. ಬೆಳಕೂ ಒಂದು ವಿದ್ಯುತ್ಕಾಂತೀಯ ಅಲೆ, ಶಕ್ತಿ ಹೊತ್ತೇ ಬರುತ್ತದೆ. ಬಣ್ಣ ಕುಡಿಸಿದ ಜೀವಕೋಶದ ಮೇಲೆ ನೀಲಿ ಲೇಸರ್ ಬಿಟ್ಟರೆ, ಒಳಗೆ ಶಕ್ತಿ ತಯಾರಿಸುವ ಎಳೆಗಳು ಹಸಿರಾಗಿ ಹೊಳೆಯುತ್ತವೆ. ಬೆಳಕು ಹೆಚ್ಚಾದರೆ ಅವೇ ಎಳೆಗಳು ತುಂಡುತುಂಡಾಗಿ ಕೋಶ ಸಾಯುತ್ತದೆ. ಹೊಸಬರು ಆಸೆಬಿದ್ದು ಬೆಳಕು ಏರಿಸಿದರೆ, "ನೋಡಿ ನೋಡೀನೇ ಕೊಲ್ತೀರಲ್ರೋ!" ಎಂದು ಗದರುತ್ತಿದ್ದಳು.

ಹೋದ ವರ್ಷ ನನ್ನ ಕೈಕಾಲು ಸೋತವು. ಲೋಟ ಎತ್ತುವುದೂ ಕಷ್ಟವಾಯಿತು. ಶಕ್ತಿ ತಯಾರಿಸುವ ಆ ಎಳೆಗಳಲ್ಲೇ ದೋಷವಂತೆ. ಇದ್ದದ್ದು ಒಂದೇ ಔಷಧಿ. ಅದು ನನಗೆ ಒಗ್ಗುತ್ತದೋ ಇಲ್ಲವೋ ತಿಳಿಯಲು ಡಾಕ್ಟರು ನನ್ನ ತೋಳಿನ ಚರ್ಮದಿಂದ ಕೋಶ ಬೆಳೆಸಿ, ಎರಡು ತಟ್ಟೆ ಮಾಡಿ, ಒಂದಕ್ಕೆ ಔಷಧಿ ಹಾಕಿ ಅಕ್ಕನಿಗೆ ಒಪ್ಪಿಸಿದರು.

ಔಷಧಿ ಹಾಕಿದ ಕೋಶಗಳೆಲ್ಲ ಸತ್ತವು. ಇನ್ನೊಂದು ತಟ್ಟೆ ಚೆನ್ನಾಗಿಯೇ ಇತ್ತು.

"ಇದು ನಿಮಗೆ ವಿಷ. ಕೊಡೋ ಹಾಗಿಲ್ಲ" ಎಂದರು ಡಾಕ್ಟರು.

ಅಕ್ಕ ಗೋಡೆ ನೋಡುತ್ತ ಹೇಳಿದಳು, "ಔಷಧಿ ಅಲ್ಲ ಡಾಕ್ಟ್ರೇ, ಕೊಂದಿದ್ದು ನಾನು. ಮನಸ್ಸು ತಡೀಲಿಲ್ಲ. ತಮ್ಮ ಬದುಕ್ತಾನಾ ಅಂತ ಗಳಿಗೆಗೊಂದ್ಸಲ ಲೇಸರ್ ಹಾಕಿ ನೋಡ್ತಾನೇ ಇದ್ದೆ. ಇನ್ನೊಂದು ತಟ್ಟೆ ಕಡೆ ತಿರುಗೀನೂ ನೋಡ್ಲಿಲ್ಲ, ಅದಕ್ಕೇ ಅದು ಉಳೀತು."

ನನಗೆ ಮೊದಲು ಸಿಟ್ಟು ಬಂತು. ಅವಳ ಮುಖ ನೋಡಿದ ಮೇಲೆ ಅದು ಇಳಿಯಿತು.

ಮತ್ತೆ ಕೋಶ ಬೆಳೆಸಿ ಔಷಧಿ ಹಾಕಿದರು. ಈ ಸಲ ಅಕ್ಕ ಲೇಸರಿನ ಕೀಲಿಯನ್ನೇ ಡಾಕ್ಟರ ಕೈಗೆ ಕೊಟ್ಟುಬಿಟ್ಟಳು. ನೋಡುವ ದಿನ ಬರುವವರೆಗೂ ನಮ್ಮ ಮನೆಗೆ ಬಂದು, ಯಾರೂ ಹೇಳದಿದ್ದರೂ ಕಪಾಟುಗಳನ್ನೆಲ್ಲ ಒರೆಸಿ ಒರೆಸಿ ಇಟ್ಟಳು.

ಆ ದಿನ ನನ್ನನ್ನೂ ಕೋಣೆಯಲ್ಲಿ ಕೂರಿಸಿದರು. ಡಾಕ್ಟರು ಕೀಲಿ ತಿರುಗಿಸಿದರು. ಅಕ್ಕ ಕಣ್ಣು ಮಿಟುಕಿಸುವಷ್ಟು ಹೊತ್ತು ಬೆಳಕು ಬಿಟ್ಟಳು. ಕಂಪ್ಯೂಟರಿನಲ್ಲಿ ಉದ್ದುದ್ದ ಹಸಿರು ಎಳೆಗಳು ಕಂಡು ಮಾಯವಾದವು.

"ಒಂದೂ ತುಂಡಾಗಿಲ್ಲ. ನಾಳೆಯಿಂದಲೇ ಔಷಧಿ ಶುರು ಮಾಡೋಣ" ಎಂದರು ಡಾಕ್ಟರು.

"ಅಕ್ಕಾ, ನಂಗೆ ಸರಿಯಾಗಿ ಕಾಣ್ಲೇ ಇಲ್ಲ. ಇನ್ನೊಂದ್ಸಲ ಹಾಕೇ" ಎಂದೆ.

ಕತ್ತಲಲ್ಲಿ ಅವಳು ಮೂಗು ಎಳೆದುಕೊಂಡದ್ದು ಕೇಳಿಸಿತು.

"ಬದುಕಿದೀಯ ತಾನೇ? ಸಾಕು, ಸುಮ್ನಿರೋ" ಎಂದಳು.